ಥೊರೊಂಗ್ ಲಾ ದಾಟಿ ಮುಕ್ತಿನಾಥ: 8 ದಿನದ ಪ್ಯಾಕೇಜಾ, 13 ದಿನದ್ದಾ?

ಗಾಂಧಿಬಜಾರ್_ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಈ ಸಲ ದೀಪಾವಳಿ ಮುಗಿಸಿಕೊಂಡು ನಾನು, ನನ್ನ ಹೆಂಡತಿ ನೇಪಾಳದ ಅನ್ನಪೂರ್ಣ ಸರ್ಕ್ಯೂಟ್ ಚಾರಣಕ್ಕೆ ಹೊರಡುತ್ತಿದ್ದೇವೆ. ಮನಾಂಗ್ ಕಡೆಯಿಂದ ಹತ್ತಿ, ಥೊರೊಂಗ್ ಲಾ ಅನ್ನುವ ಎತ್ತರದ ಕಣಿವೆದಾರಿ (ಪಾಸ್) ದಾಟಿ, ಆ ಕಡೆ ಮುಕ್ತಿನಾಥಕ್ಕೆ ಇಳಿಯುವ ಪ್ಲಾನ್. ಗೈಡ್ ಇರುತ್ತಾರೆ, ಒಬ್ಬ ಪೋರ್ಟರ್ ಕೂಡ.

ಇದರಲ್ಲಿ ಅಮ್ಮನದೂ ಒಂದು ಪಾಲಿದೆ. ನಮ್ಮ ಮನೆ ದೇವರ ಪೆಟ್ಟಿಗೆಯಲ್ಲಿ ಮುತ್ತಜ್ಜನ ಕಾಲದ ಸಾಲಿಗ್ರಾಮಗಳಿವೆ. ಅವು ಬಂದ ಗಂಡಕಿ ನದಿಯನ್ನು ಒಮ್ಮೆ ನೋಡಬೇಕು ಅಂತ ಅಮ್ಮನಿಗೆ ಬಹಳ ವರ್ಷದ ಆಸೆ. ಅಕ್ಕ, ಭಾವ ಅವರನ್ನು ಪೋಖರಾದಿಂದ ಜೀಪಿನಲ್ಲಿ ಮುಕ್ತಿನಾಥಕ್ಕೆ ಕರೆತರುತ್ತಾರೆ. ಉತ್ಥಾನ ದ್ವಾದಶಿ ದಿನ ಎಲ್ಲರೂ ಅಲ್ಲಿ ಸೇರುವುದು ಅಂತ ಮಾತಾಗಿದೆ. ಅಮ್ಮನಿಗೆ 64, ಬಿಪಿ ಮಾತ್ರೆ ತಗೋತಾರೆ, ಬೇರೆ ತೊಂದರೆ ಇಲ್ಲ.

ಏಜೆಂಟ್ ಎರಡು ಪ್ಲಾನ್ ಕಳಿಸಿದ್ದಾರೆ.

8 ದಿನದ್ದು: ಮೊದಲ ದಿನ ಬೇಸಿಸಹರ್, ಎರಡನೇ ದಿನ ಜೀಪಿನಲ್ಲಿ ಸೀದಾ ಮನಾಂಗ್, ಮೂರನೇ ದಿನ ಯಾಕ್ ಖರ್ಕಾ, ನಾಲ್ಕನೇ ದಿನ ಹೈ ಕ್ಯಾಂಪ್, ಐದನೇ ದಿನ ಪಾಸ್ ದಾಟಿ ಮುಕ್ತಿನಾಥ. ಉಳಿದದ್ದು ವಾಪಸ್ ಪ್ರಯಾಣ.

13 ದಿನದ್ದು: ಚಾಮೆವರೆಗೆ ಜೀಪ್, ಅಲ್ಲಿಂದ ನಡಿಗೆ. ಮೇಲಿನ ಪಿಸಾಂಗ್, ಙಾವಲ್, ಮನಾಂಗ್, ಮನಾಂಗ್‌ನಲ್ಲಿ ಇನ್ನೊಂದು ದಿನ, ಯಾಕ್ ಖರ್ಕಾ, ಥೊರೊಂಗ್ ಫೇದಿ, ಒಂಬತ್ತನೇ ದಿನ ಪಾಸ್. ಹತ್ತನೇ ದಿನ 'ಹೆಚ್ಚುವರಿ ದಿನ' ಅಂತ ಬರೆದಿದ್ದಾರೆ.

ಇಬ್ಬರೂ ಫಿಟ್ ಇದ್ದೇವೆ. ಕುಮಾರ ಪರ್ವತ ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೇವೆ. ರಜೆ ಕಡಿಮೆ, ಹಾಗಾಗಿ 8 ದಿನದ ಕಡೆಗೆ ಮನಸ್ಸು ವಾಲುತ್ತಿದೆ. ಹೋಗಿ ಬಂದವರು ಹೇಳಿ, ಸಾಕಾಗುತ್ತಾ?

---

ಕೋರಮಂಗಲ_ರೈಡರ್:

ಗುರೂ, ಸುಮ್ನೆ 8 ದಿನದ್ದು ತಗೊಳ್ಳಿ. ನಾವು ನಾಲ್ಕು ಜನ ಹೋಗಿದ್ದು, ಜೀಪಿನಲ್ಲೇ ಮನಾಂಗ್ ತಲುಪಿದೆವು. ಒಬ್ಬನಿಗೆ ಸ್ವಲ್ಪ ತಲೆನೋವು ಬಂತು, ಮಾತ್ರೆ ಕೊಟ್ಟೆವು, ಸರಿಹೋದ. ಚಾಮೆಯಿಂದ ಮನಾಂಗ್‌ವರೆಗೆ ಈಗ ರಸ್ತೆ ಇದೆ. ಇರುವ ರಸ್ತೆ ಬಿಟ್ಟು ಧೂಳು ಕುಡಿಯುತ್ತಾ ಯಾಕೆ ನಡೀಬೇಕು? ಬೆಳಿಗ್ಗೆ ಬೇಗ ಪಾಸ್ ದಾಟಿಬಿಡಿ, ಮಧ್ಯಾಹ್ನದೊಳಗೆ ಮುಕ್ತಿನಾಥ. ಮಜಾ ಮಾಡಿ.

---

ಸಾಗರದ_ಔಷಧಿಯಂಗಡಿ:

ನಾನು ಸಾಗರದಲ್ಲಿ ಔಷಧಿ ಅಂಗಡಿ ನಡೆಸುತ್ತೇನೆ. ತಮ್ಮನ ಜೊತೆ ಈ ದಾರಿಯಲ್ಲಿ ಹೋಗಿ ಬಂದಿದ್ದೇನೆ. ನಿಮ್ಮ ಪ್ರಶ್ನೆ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲು ಕುಮಾರ ಪರ್ವತದ ವಿಷಯ. ಅದು 1,712 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೂ 2,000 ಮುಟ್ಟುವುದಿಲ್ಲ. ಎತ್ತರದ ಕಾಯಿಲೆ (ಆಮ್ಲಜನಕ ಕಡಿಮೆಯಾಗಿ ತಲೆನೋವು, ವಾಂತಿ ಬರುವುದು) ಸಾಮಾನ್ಯವಾಗಿ ಶುರುವಾಗುವುದೇ 2,500ರ ಮೇಲೆ. ಅಂದರೆ ಕರ್ನಾಟಕದಲ್ಲಿ ಎಷ್ಟೇ ಗುಡ್ಡ ಹತ್ತಿದರೂ ಈ ವಿಷಯದಲ್ಲಿ ನಿಮ್ಮ ದೇಹಕ್ಕೆ ಪರೀಕ್ಷೆಯೇ ಆಗಿಲ್ಲ. ಕಾಲಿಗೆ, ಎದೆಗೆ ಅದು ಒಳ್ಳೆಯ ತಯಾರಿ, ಬಿಡಬೇಡಿ. ಆದರೆ ಫಿಟ್ ಇದ್ದವರಿಗೆ ಎತ್ತರ ತಾಗುವುದಿಲ್ಲ ಅಂತೇನಿಲ್ಲ. ಎಷ್ಟೋ ಸಲ ಅವರೂ ಸಿಕ್ಕಿಬೀಳುತ್ತಾರೆ. ಕಾಲಲ್ಲಿ ಶಕ್ತಿ ಇರುತ್ತದೆ, ಬೇಗ ಬೇಗ ಹತ್ತಿಬಿಡುತ್ತಾರೆ.

ಈಗ 8 ದಿನದ ಪ್ಲಾನ್ ನೋಡಿ. ಬೇಸಿಸಹರ್ ಇರುವುದು ಸುಮಾರು 800 ಮೀಟರಿನಲ್ಲಿ. ಮನಾಂಗ್ ಸುಮಾರು 3,540. ಒಂದೇ ಹಗಲಿನಲ್ಲಿ ಜೀಪಿನಲ್ಲಿ ಕೂತು ಅಷ್ಟು ಎತ್ತರ! ಮಾರನೇ ರಾತ್ರಿ ಯಾಕ್ ಖರ್ಕಾ, 4,000ದ ಮೇಲೆ. ಅದರ ಮಾರನೇ ರಾತ್ರಿ ಹೈ ಕ್ಯಾಂಪ್, ಸುಮಾರು 4,880. ಪರ್ವತ ವೈದ್ಯರು ಹೇಳುವ ಲೆಕ್ಕ ಇಷ್ಟೇ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಮಲಗಿ. ಹಗಲು ಎಷ್ಟು ಮೇಲೆ ಹೋದಿರಿ ಅನ್ನುವುದು ಮುಖ್ಯವಲ್ಲ, ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು ಮುಖ್ಯ. ಆ ಪ್ಲಾನ್ ಈ ಲೆಕ್ಕಕ್ಕೆ ಸರಿ ಕೂರುವುದಿಲ್ಲ. ಅದನ್ನು ಪಕ್ಕಕ್ಕಿಡಿ.

ಚಾಮೆಯಿಂದ ಮೇಲೆ ಧೂಳು, ರಸ್ತೆ ಅಂತ ರೈಡರ್ ಅವರು ಬರೆದಿದ್ದಾರೆ. ಕೆಳಗಿನ ದಾರಿಗೆ ಅದು ನಿಜ. ಆದರೆ ನಿಮ್ಮ 13 ದಿನದ ಪ್ಲಾನಿನಲ್ಲಿ ಮೇಲಿನ ಪಿಸಾಂಗ್, ಙಾವಲ್ ಅಂತ ಇದೆಯಲ್ಲ, ಅದು ಬೇರೆ ದಾರಿ. ಮರ್ಸ್ಯಾಂಗ್ದಿ ನದಿಯ ಉತ್ತರದ ಕಡೆ ಗುಡ್ಡದ ಮೈಯಲ್ಲಿ ಹೋಗುತ್ತದೆ. ಪಿಸಾಂಗ್‌ನಿಂದ ಘ್ಯಾರು ಅನ್ನುವ ಹಳ್ಳಿಗೆ ಒಂದು ಏರು ಇದೆ, ತಿರುವಿನ ಮೇಲೆ ತಿರುವು, ಬೆಳಗಿನ ತಿಂಡಿ ಪೂರ್ತಿ ಕರಗಿಹೋಗುತ್ತದೆ. ಮೇಲೆ ಹತ್ತಿ ನಿಂತರೆ ಎದುರಿಗೇ ಅನ್ನಪೂರ್ಣ 2, 7,937 ಮೀಟರ್. ಕಣಿವೆಯ ಆಚೆ ದಡದಲ್ಲಿ, ಕತ್ತು ಎತ್ತಿ ನೋಡುವಷ್ಟು ಹತ್ತಿರ. ಘ್ಯಾರು, ಙಾವಲ್ ಎರಡೂ ಮನಾಂಗ್‌ಗಿಂತ ಸ್ವಲ್ಪ ಮೇಲೇ ಇವೆ. ಅಲ್ಲಿ ಮಲಗಿ ಮಾರನೇ ದಿನ ಮನಾಂಗ್‌ಗೆ ಇಳಿದರೆ ಅಲ್ಲಿಗೆ ತಲುಪುವಾಗಲೇ ದೇಹ ಅರ್ಧ ಹೊಂದಿಕೊಂಡಿರುತ್ತದೆ. ನೋಟಕ್ಕೂ ಆಯಿತು, ದೇಹಕ್ಕೂ ಆಯಿತು. ನನ್ನ ಕೇಳಿದರೆ ಇಡೀ ಸರ್ಕ್ಯೂಟಿನಲ್ಲಿ ಪಾಸ್‌ಗಿಂತ ಈ ಎರಡು ದಿನವೇ ಚೆಂದ. ಪಾಸ್ ಮೇಲೆ ಗಾಳಿಗೆ ಮುಖ ಮುಚ್ಚಿಕೊಂಡು ಒಂದು ಫೋಟೋ ತೆಗೆಸಿಕೊಂಡರೆ ಮುಗಿಯಿತು.

ಮನಾಂಗ್‌ನಲ್ಲಿ ಸಿಗುವ ಆ ಒಂದು ದಿನ ರೂಮಿನಲ್ಲಿ ಕಂಬಳಿ ಹೊದ್ದು ಮಲಗಬೇಡಿ. ಗಂಗಾಪೂರ್ಣ ಹಿಮನದಿಯ ಕೆಳಗಿನ ಕೆರೆ ಕಡೆ ನಡೆದು ಒಂದಷ್ಟು ಮೇಲೆ ಹತ್ತಿ ಬನ್ನಿ, ರಾತ್ರಿ ಕೆಳಗೆ ಮಲಗಿ. ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನವರ ಚಿಕ್ಕ ಕ್ಲಿನಿಕ್ ಅಲ್ಲಿದೆ. 1973ರಲ್ಲಿ ಶುರುವಾದ ಸಂಸ್ಥೆ ಅದು. ಸೀಸನ್ನಿನಲ್ಲಿ ಮಧ್ಯಾಹ್ನದ ಹೊತ್ತು ಡಾಕ್ಟರು ಎತ್ತರದ ಕಾಯಿಲೆ ಬಗ್ಗೆ ಕೂರಿಸಿ ಹೇಳುತ್ತಾರೆ. ತಪ್ಪದೇ ಹೋಗಿ. ನಾನು ವರ್ಷಗಟ್ಟಲೆ ಮಾತ್ರೆ ಮಾರಿದವಳು, ಆದರೂ ಅಲ್ಲಿ ಕೂತು ಪುಸ್ತಕದಲ್ಲಿ ಬರೆದುಕೊಂಡೆ.

ಎತ್ತರದ ಕಾಯಿಲೆ ತಡೆಯಲು ತಗೊಳ್ಳುವ ಡೈಮಾಕ್ಸ್ ಮಾತ್ರೆ ಬಗ್ಗೆ ಹೇಗೂ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಅದರ ಒಳಗಿರುವುದು ಅಸಿಟಜೋಲಮೈಡ್. ಮುನ್ನೆಚ್ಚರಿಕೆಗೆ ಸಾಮಾನ್ಯವಾಗಿ ಕೊಡುವುದು 125 ಮಿಲಿಗ್ರಾಂ, ಬೆಳಿಗ್ಗೆ ಒಂದು, ರಾತ್ರಿ ಒಂದು. ನಮ್ಮ ಅಂಗಡಿಗಳಲ್ಲಿ ಸಿಗುವ ಮಾತ್ರೆ 250ರದ್ದು, ಅರ್ಧ ಮಾಡಬೇಕಾಗುತ್ತದೆ. ಸಲ್ಫಾ ಔಷಧಿಗೆ ಅಲರ್ಜಿ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಬೆರಳ ತುದಿ ಜುಮ್ ಅನ್ನುತ್ತದೆ, ಸೋಡಾ ಕುಡಿದರೆ ಸಪ್ಪೆ ಅನ್ನಿಸುತ್ತದೆ, ರಾತ್ರಿ ಎರಡು ಮೂರು ಸಲ ಎದ್ದು ಹೊರಗೆ ಓಡಬೇಕು. ಆ ಚಳಿಯಲ್ಲಿ ಏಳುವುದೇ ಒಂದು ಶಿಕ್ಷೆ. ಊರಲ್ಲೇ ಒಂದೆರಡು ದಿನ ತಗೊಂಡು ನೋಡಿ, ಒಗ್ಗುತ್ತದೋ ಇಲ್ಲವೋ ಗೊತ್ತಾಗುತ್ತದೆ. ಆದರೆ ಡೈಮಾಕ್ಸ್ ನುಂಗಿದ್ದೇವೆ, ಇನ್ನು ಜೀಪಿನಲ್ಲಿ ಹೋಗಬಹುದು ಅಂತ ಲೆಕ್ಕ ಹಾಕಬೇಡಿ. ಹೊಂದಿಕೊಳ್ಳುವುದನ್ನು ಅದು ಸ್ವಲ್ಪ ಬೇಗ ಮಾಡಿಸುತ್ತದೆ ಅಷ್ಟೇ, ರಾತ್ರಿಗಳ ಲೆಕ್ಕ ತಪ್ಪಿಸುವುದಿಲ್ಲ. ನಿದ್ದೆ ಮಾತ್ರೆ ಬೇಡವೇ ಬೇಡ. ರಕ್ಷಿ, ಬಿಯರು ಎಲ್ಲಾ ಮುಕ್ತಿನಾಥದ ಆಚೆಗೆ.

ಈಗ ಗೈಡ್ ವಿಷಯ. 2023ರ ಏಪ್ರಿಲ್‌ನಿಂದ ನೇಪಾಳದಲ್ಲಿ ವಿದೇಶಿ ಚಾರಣಿಗರಿಗೆ ಗೈಡ್ ಕಡ್ಡಾಯ ಅಂತ ನಿಯಮ ಬಂದಿದೆ. ಬಹಳ ಜನ ಅದನ್ನು ಒಂದು ಖರ್ಚು ಅಂತ ನೋಡುತ್ತಾರೆ. ನಮ್ಮ ಗೈಡ್ ಏನು ಕೆಲಸ ಮಾಡಿದ ಅಂತ ಹೇಳುತ್ತೇನೆ.

ಲೇದರ್ ಅನ್ನುವ ಜಾಗ, ಯಾಕ್ ಖರ್ಕಾದಿಂದ ಸ್ವಲ್ಪ ಮೇಲೆ, 4,200 ಮೀಟರ್. ಸಂಜೆ ಊಟಕ್ಕೆ ಕೂತಿದ್ದೆವು. ಮಧ್ಯದಲ್ಲಿ ಒಲೆ, ಸುತ್ತ ಬೆಂಚು, ಒದ್ದೆ ಕಾಲುಚೀಲಗಳು ಸಾಲಾಗಿ ಒಣಗುತ್ತಿದ್ದವು. ದಾಲ್ ಭಾತ್ ಬಂತು. ಅನ್ನ, ಬೇಳೆ, ಆಲೂಗಡ್ಡೆ ಪಲ್ಯ, ಒಂದು ಹಪ್ಪಳ. ಆ ದಾರಿಯಲ್ಲಿ ದಾಲ್ ಭಾತ್ ತಗೊಂಡರೆ ಮತ್ತೆ ಮತ್ತೆ ಬಡಿಸುತ್ತಾರೆ, ಅದಕ್ಕೇ ನಾವು ಬೇರೆ ಏನೂ ಹೇಳುತ್ತಿರಲಿಲ್ಲ. ನನ್ನ ತಮ್ಮ ಕೆಳಗಿನ ಹಳ್ಳಿಗಳಲ್ಲಿ ಮೂರು ಸಲ ಬಡಿಸಿಕೊಂಡವನು. ಅವತ್ತು ಬೇಳೆಯನ್ನು ಅನ್ನಕ್ಕೆ ಕಲಸಿದ, ಚಮಚ ಆಡಿಸಿದ, ತಟ್ಟೆ ಪಕ್ಕಕ್ಕಿಟ್ಟ. 'ಹಸಿವಿಲ್ಲ' ಅಂದ. ನಾನು ಹರಟೆಯಲ್ಲಿದ್ದೆ, ಗಮನಿಸಲೇ ಇಲ್ಲ. ಗೈಡ್ ಮೂಲೆಯಲ್ಲಿ ನಿಂತು ನೋಡುತ್ತಿದ್ದ. ಅವನು ದಿನಾ ನೋಡುತ್ತಿದ್ದದ್ದು ನಮ್ಮ ಮುಖವನ್ನಲ್ಲ, ತಟ್ಟೆಯನ್ನು.

ಬಂದು ಕೂತ. ತಲೆನೋವು ಇದೆಯಾ, ವಾಂತಿ ಬರುವ ಹಾಗಿದೆಯಾ, ತಲೆ ಸುತ್ತುತ್ತಾ ಅಂತ ಒಂದೊಂದೇ ಕೇಳಿದ. ತಮ್ಮ ಎಲ್ಲದಕ್ಕೂ 'ಸ್ವಲ್ಪ' ಅಂದ. ಆಮೇಲೆ ಅಂಗಳಕ್ಕೆ ಕರೆದುಕೊಂಡು ಹೋಗಿ, ಟಾರ್ಚ್ ಬೆಳಕಿನಲ್ಲಿ, ಕಲ್ಲು ಹಾಸಿನ ಅಂಚಿನ ಮೇಲೆ ನಡೆಸಿದ. ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವ ಹಾಗೆ, ನೇರವಾಗಿ. ಮಿದುಳಿನಲ್ಲಿ ಬಾವು ಬಂದಿದ್ದರೆ ಕುಡಿದವರ ಹಾಗೆ ಓಲಾಡುತ್ತಾರೆ. ತಮ್ಮ ಸರಿಯಾಗಿಯೇ ನಡೆದ. ಗೈಡ್ ಸಮಾಧಾನದ ಉಸಿರು ಬಿಟ್ಟದ್ದು ನನಗೇ ಕೇಳಿಸಿತು. ಆದರೂ ಬಿಡಲಿಲ್ಲ. 'ನಾಳೆ ಮೇಲೆ ಇಲ್ಲ. ಬೆಳಿಗ್ಗೆ ನೋಡುತ್ತೇನೆ, ಕಮ್ಮಿ ಆಗದಿದ್ದರೆ ಕೆಳಗೆ' ಅಂದ. ತಮ್ಮ ವಾದ ಮಾಡಿದ, ದುಡ್ಡು ಕೊಟ್ಟಿದ್ದೇವೆ ಅಂದ. ಅವನು ನಕ್ಕು, 'ದಾಜು, ಪಾಸ್ ಎಲ್ಲಿಗೂ ಹೋಗಲ್ಲ' ಅಂದ. ಬೆಳಿಗ್ಗೆಯೂ ತಲೆನೋವು ಹಾಗೇ ಇತ್ತು. ಮನಾಂಗ್‌ಗೆ ಇಳಿದೆವು. ಇಳಿಯುತ್ತಾ ಇಳಿಯುತ್ತಾ ತಮ್ಮನ ಮುಖಕ್ಕೆ ಬಣ್ಣ ಬಂತು, ಅಲ್ಲಿ ಎರಡು ತಟ್ಟೆ ಊಟ ಮಾಡಿದ. ಮತ್ತೆ ಹತ್ತಿ ಪಾಸ್ ದಾಟಿದೆವು.

ಇದು ಸಾಧ್ಯವಾಗಿದ್ದು ನಮ್ಮ ಹತ್ತಿರ ದಿನ ಉಳಿದಿದ್ದರಿಂದ. ಈಗ ನಿಮ್ಮ 13 ದಿನದ ಪ್ಲಾನ್ ಇನ್ನೊಮ್ಮೆ ನೋಡಿ. ಹೆಚ್ಚುವರಿ ದಿನವನ್ನು ಏಜೆಂಟ್ ಎಲ್ಲಿಟ್ಟಿದ್ದಾರೆ? ಹತ್ತನೇ ದಿನ, ಪಾಸ್ ದಾಟಿದ ಮೇಲೆ! ಪಾಸ್ ದಾಟಿದ ಮೇಲೆ ಅದು ಯಾಕೆ ಬೇಕು, ಸೇಬಿನ ಪೈ ತಿನ್ನಲಿಕ್ಕಾ? ಅದನ್ನು ಪಾಸ್‌ಗಿಂತ ಮುಂಚೆ ಹಾಕಿಸಿ. ಆಗುವುದಾದರೆ ಎರಡು ದಿನ ಹಾಕಿಸಿ. ಗೈಡ್‌ಗೆ ನಿಮ್ಮನ್ನು ವಾಪಸ್ ಇಳಿಸುವ ಅಧಿಕಾರ ಇದೆಯಾ, ಹಾಗೆ ಇಳಿಸಿದರೆ ಅವನ ಕೂಲಿ ಕಡಿತ ಆಗುತ್ತಾ ಅಂತ ಏಜೆಂಟನ್ನು ನೇರವಾಗಿ ಕೇಳಿ. ತಡವರಿಸಿದರೆ ಬೇರೆಯವರನ್ನು ನೋಡಿ.

ಇನ್ನು ದ್ವಾದಶಿ. ನನಗೆ ಹೆದರಿಕೆ ಆಗಿದ್ದು ಇದೇ ವಿಷಯಕ್ಕೆ. ಅಮ್ಮ ಆ ಕಡೆ ಕಾಯುತ್ತಿದ್ದಾರೆ, ತಿಥಿ ತಪ್ಪುತ್ತದೆ ಅನ್ನುವ ಯೋಚನೆ ತಲೆಯಲ್ಲಿದ್ದರೆ ತಲೆನೋವು ಬಂದರೂ ನೀವು ಗೈಡ್ ಹತ್ತಿರ 'ಏನಿಲ್ಲ' ಅಂತೀರಿ. ಹಿಮ ಬೀಳುತ್ತಿದ್ದರೂ ಹೊರಡೋಣ ಅಂತೀರಿ. 2014ರ ಅಕ್ಟೋಬರ್‌ನಲ್ಲಿ ನಡೆದದ್ದು ನೆನಪಿದೆಯಾ? ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತದ ಬಾಲ ಎರಡೇ ದಿನಕ್ಕೆ ನೇಪಾಳ ಮುಟ್ಟಿತು. 14ನೇ ತಾರೀಖು ಥೊರೊಂಗ್ ಲಾ ಸುತ್ತಮುತ್ತ ಹಿಮಗಾಳಿ, ಮುಂದಿನ ಹೆಜ್ಜೆ ಕಾಣದ ಹಾಗೆ. ಆ ಪ್ರದೇಶದಲ್ಲಿ ಕಡಿಮೆಯೆಂದರೂ 43 ಜನ ಸತ್ತರು. ಚಾರಣಿಗರಷ್ಟೇ ಅಲ್ಲ, ಗೈಡುಗಳು, ಪೋರ್ಟರುಗಳು ಕೂಡ. ಅದು ಚಾರಣಕ್ಕೆ ಒಳ್ಳೆಯ ತಿಂಗಳು ಅಂತ ಎಲ್ಲರೂ ಹೇಳುವ ಅಕ್ಟೋಬರ್.

ಅದಕ್ಕೇ ನನ್ನ ಸಲಹೆ: ದ್ವಾದಶಿ ಅಮ್ಮನದು, ಪಾಸ್ ನಿಮ್ಮದು. ಎರಡನ್ನೂ ಒಂದಕ್ಕೊಂದು ಕಟ್ಟಬೇಡಿ. ಅಮ್ಮ, ಅಕ್ಕ, ಭಾವ ಅವತ್ತು ದರ್ಶನ ಮಾಡಲಿ. ನೀವು ಆ ದಿನಕ್ಕೆ ತಲುಪಿದರೆ ಸಂತೋಷ, ಇಲ್ಲದಿದ್ದರೆ ಕೆಳಗೆ ಎಲ್ಲೋ ಸೇರುತ್ತೀರಿ. ಮಗ ಅವತ್ತೇ ಇರಲೇಬೇಕು ಅಂತ ಅಮ್ಮನಿಗೆ ಇದ್ದರೆ ಪಾಸ್ ಬಿಟ್ಟು ಅವರ ಜೊತೆಗೇ ಜೀಪಿನಲ್ಲಿ ಹೋಗಿ. ಅದರಲ್ಲೇನೂ ಅವಮಾನ ಇಲ್ಲ. ಬಲಿಪಾಡ್ಯಮಿಗೆ ಮೊದಲೇ ಊರು ಬಿಡುವುದು ಮೂರನೇ ದಾರಿ, ಅದು ಮನೆಯಲ್ಲಿ ನಡೆಯುತ್ತದೋ ಇಲ್ಲವೋ ನಿಮಗೇ ಗೊತ್ತು.

---

ಧಾರವಾಡ_ಪೇಢೆ:

ಮೇಡಂ ಎಲ್ಲಾ ಬರೆದಾರೆ, ನಾನು ಬರೀ ದುಡ್ಡಿನ ಮಾತು ಹೇಳ್ತೀನ್ರಿ.

ಇನ್ಶೂರೆನ್ಸ್ ತಗೊಳ್ಳುವಾಗ ಎಷ್ಟು ಮೀಟರ್‌ವರೆಗೆ ಅನ್ನುವುದನ್ನು ಬರಹದಲ್ಲೇ ಕೇಳಿ. ಎಷ್ಟೋ ಪಾಲಿಸಿಗಳು ಒಂದು ಎತ್ತರ ದಾಟಿದ ಮೇಲೆ ಕೈ ಎತ್ತುತ್ತವೆ. 5,416 ಮೀಟರ್ (ಪಾಸ್‌ನ ಎತ್ತರ), ನಡಿಗೆ, ಹೆಲಿಕಾಪ್ಟರ್, ಈ ಮೂರೂ ಸೇರಿರಬೇಕು. ಹಾಗಂತ ಯಾರಾದರೂ ಸಣ್ಣ ತಲೆನೋವಿಗೇ ಹೆಲಿಕಾಪ್ಟರ್ ಕರೆಸೋಣ ಅಂದರೆ ಹುಷಾರಾಗಿರಿ. ವಿಮೆ ದುಡ್ಡಿಗಾಗಿ ಸುಳ್ಳು ರಕ್ಷಣೆ ನಡೆಯುತ್ತಿದೆ ಅಂತ 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ಮಾಡಿಸಿತ್ತು. ನಡೆಯಲು ಆಗುವವರು ನಡೆದೇ ಇಳಿಯಬಹುದು, ಮೇಡಂ ತಮ್ಮ ಇಳಿದ ಹಾಗೆ.

ನೂರು ರೂಪಾಯಿಗೆ ನೇಪಾಳದ 160, ಅದು ಕಾಯಂ ದರ. ನೇಪಾಳಿ ನಗದು ಕೆಳಗೇ ಮಾಡಿಸಿಕೊಂಡು ಹೊರಡಿ. ಮೇಲೆ ಹೋದಂತೆ ಚಹಾ, ಬಿಸಿನೀರು, ಫೋನ್ ಚಾರ್ಜಿಂಗ್ ಎಲ್ಲದಕ್ಕೂ ರೇಟು ಏರುತ್ತದೆ. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರವಾನಗಿ ಭಾರತವೂ ಸೇರಿದ ಸಾರ್ಕ್ ದೇಶದವರಿಗೆ ಕಡಿಮೆ ದರದಲ್ಲಿ ಸಿಗುತ್ತದೆ, ಏಜೆಂಟ್ ಬೇರೆ ವಿದೇಶಿಯರ ದರ ಹಾಕಿದ್ದಾರಾ ಬಿಲ್ ನೋಡಿ. ನಾನು ನೋಡಿದ ಒಂದು ಬಿಲ್ಲಿನಲ್ಲಿ ಹಾಗೇ ಹಾಕಿದ್ದರು.

ಡೌನ್ ಜಾಕೆಟ್, ಸ್ಲೀಪಿಂಗ್ ಬ್ಯಾಗ್ ಕೊಳ್ಳಬೇಡಿ. ಕಾಠ್ಮಂಡುವಿನ ಥಮೇಲ್‌ನಲ್ಲಿ ಬಾಡಿಗೆಗೆ ಸಿಗುತ್ತವೆ. ಬೂಟು ಮಾತ್ರ ನಿಮ್ಮದೇ ಇರಲಿ, ಮೊದಲೇ ಹಾಕಿ ಪಳಗಿಸಿ.

---

ಕೋರಮಂಗಲ_ರೈಡರ್:

ಸಾಗರದ ಅಕ್ಕ, ಹೆದರಿಸ್ತಾ ಇದ್ದೀರಾ 😄 ನಮಗೆ ನಿಜವಾಗಲೂ ಏನೂ ಆಗಲಿಲ್ಲ. ದಿನಾ ಜೀಪಿನಲ್ಲಿ ಎಷ್ಟು ಜನ ಹೋಗ್ತಾರೆ.

---

ಸಾಗರದ_ಔಷಧಿಯಂಗಡಿ:

ನಿಮಗೆ ಏನೂ ಆಗಲಿಲ್ಲ ಅನ್ನುವುದನ್ನು ನಂಬುತ್ತೇನೆ. ಒಬ್ಬೊಬ್ಬರ ದೇಹ ಒಂದೊಂದು ಥರ. ಕೆಲವರಿಗೆ ಬೇಗ ಒಗ್ಗುತ್ತದೆ, ಕೆಲವರಿಗೆ ಇಲ್ಲ. ಯಾರಿಗೆ ಅನ್ನುವುದು ಮೇಲೆ ಹೋಗುವವರೆಗೆ ಗೊತ್ತಾಗುವುದಿಲ್ಲ, ಅದೇ ತೊಂದರೆ. ನಿಮ್ಮ ನಾಲ್ಕು ಜನರಲ್ಲೇ ಒಬ್ಬನಿಗೆ ತಲೆನೋವು ಬಂತು ಅಂತ ನೀವೇ ಬರೆದಿದ್ದೀರಿ, ಅಲ್ವಾ? ಮಾತ್ರೆಗೆ ಕಡಿಮೆಯಾಯಿತು, ಒಳ್ಳೆಯದೇ ಆಯಿತು. ಆದರೆ ತಲೆನೋವು ಇರುವಾಗ ಮಾತ್ರೆ ನುಂಗಿ ಇನ್ನೂ ಮೇಲೆ ಹೋಗಿ ಮಲಗುವುದಿದೆಯಲ್ಲ, ಮನಾಂಗ್‌ನ ಡಾಕ್ಟರು ಗಟ್ಟಿಯಾಗಿ ಬೇಡ ಅಂದಿದ್ದು ಅದನ್ನೇ. ಸುಮ್ಮನೆ ಕೂತಾಗಲೂ ಏದುಸಿರು, ನಿಲ್ಲದ ಕೆಮ್ಮು, ಓಲಾಡುವ ನಡಿಗೆ, ಇವುಗಳಲ್ಲಿ ಒಂದು ಕಂಡರೂ ರಾತ್ರಿಯೋ ಹಗಲೋ ಅಂತ ನೋಡದೆ ಇಳಿಸಬೇಕು.

ಇನ್ನೊಂದು. ಜೀಪಿನಲ್ಲಿ ಬಂದವರನ್ನು ಮನಾಂಗ್‌ನಲ್ಲಿ ಎಲ್ಲರೂ ಗುರುತಿಸುತ್ತಿದ್ದರು. ಸಂಜೆ ಊಟದ ಹೊತ್ತಿಗೆ ಟೇಬಲ್ ಮೇಲೆ ತಲೆ ಇಟ್ಟು ಕೂತಿರುತ್ತಿದ್ದರು.

---

ಗಾಂಧಿಬಜಾರ್_ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 8 ದಿನದ್ದು ಕೈಬಿಟ್ಟೆವು. ಏಜೆಂಟ್‌ಗೆ ಫೋನ್ ಮಾಡಿ ಹೆಚ್ಚುವರಿ ದಿನ ಪಾಸ್‌ಗೆ ಮುಂಚೆ ಹಾಕಿ ಅಂದೆ. 'ಸಾಮಾನ್ಯವಾಗಿ ಯಾರೂ ಕೇಳಲ್ಲ ಸರ್' ಅಂದರು, ಆದರೆ ಒಪ್ಪಿಕೊಂಡರು. ಒಂದು ವಾರ ಹೆಚ್ಚಿಗೆ ರಜೆ ಕೇಳಿದ್ದೇನೆ, ಮ್ಯಾನೇಜರ್ ಇನ್ನೂ ಉತ್ತರ ಕೊಟ್ಟಿಲ್ಲ.

ಅಮ್ಮನಿಗೆ ಹೇಳಿದೆ, ನೀವು ಬರೆದದ್ದನ್ನೇ ಓದಿ ಹೇಳಿದೆ. 'ನೀನು ಇದ್ದರೂ ಇಲ್ಲದಿದ್ದರೂ ನನ್ನ ದ್ವಾದಶಿ ಆಗುತ್ತದೆ, ನೀನು ಹುಷಾರಾಗಿ ಇಳಿದು ಬಾ' ಅಂದರು. ನಾನೇ ಸುಮ್ನೆ ಒದ್ದಾಡುತ್ತಿದ್ದೆ ಅನ್ನಿಸಿತು.

ಈಗ ಇನ್ನೊಂದು ಪ್ರಶ್ನೆ. ಅಮ್ಮ ಜೀಪಿನಲ್ಲಿ ಬರುವುದರಿಂದ ಅವರಿಗೆ ಏನೂ ತೊಂದರೆ ಇಲ್ಲ ಅಲ್ವಾ? ಅವರೇನೂ ಪಾಸ್ ಹತ್ತುವುದಿಲ್ಲವಲ್ಲ. ಡೈಮಾಕ್ಸ್ ಅವರಿಗೂ ಕೊಡಬೇಕಾ?

---

ಸಾಗರದ_ಔಷಧಿಯಂಗಡಿ:

ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು. ಎಲ್ಲರೂ ಪಾಸ್ ಬಗ್ಗೆ ಯೋಚನೆ ಮಾಡುತ್ತಾರೆ, ಜೀಪಿನಲ್ಲಿ ಬರುವ ಹಿರಿಯರನ್ನು ಮರೆತುಬಿಡುತ್ತಾರೆ.

ಮುಕ್ತಿನಾಥ ದೇವಸ್ಥಾನ ಇರುವುದು ಸುಮಾರು 3,800 ಮೀಟರಿನಲ್ಲಿ. ನಿಮಗೆ ಅದು ಪಾಸ್ ಇಳಿದು ಬರುವ ತಗ್ಗು ಜಾಗ. ಅಮ್ಮನಿಗೆ ಅದು ಮನಾಂಗ್‌ಗಿಂತ ಎತ್ತರ. ಪೋಖರಾ ಇರುವುದು 800ರ ಆಸುಪಾಸಿನಲ್ಲಿ. ಅಲ್ಲಿಂದ ಒಂದೇ ದಿನದಲ್ಲಿ ಮೇಲೆ ಬಂದು, ದೇವಸ್ಥಾನದ ಕೆಳಗಿನ ರಾಣಿಪೌವಾದಲ್ಲಿ ರಾತ್ರಿ ಮಲಗಿದರೆ ನಾನು ಮೇಲೆ ಬೇಡ ಅಂದ ಜೀಪಿನ ಪ್ಲಾನೇ ಅದು, 64 ವರ್ಷದವರಿಗೆ.

ಹೀಗೆ ಮಾಡಿಸಿ. ಮೊದಲ ರಾತ್ರಿ ತಾತೋಪಾನಿಯಲ್ಲಿ ಇಳಿದುಕೊಳ್ಳಲಿ. ಅಲ್ಲಿ ಬಿಸಿನೀರಿನ ಬುಗ್ಗೆ ಇದೆ, ಆ ರಸ್ತೆಯ ಕುಲುಕಾಟಕ್ಕೆ ಮೈಕೈ ನೋವು ಹೋಗುತ್ತದೆ. ಆಮೇಲೆ ಎರಡು ರಾತ್ರಿ ಮಾರ್ಫಾ ಅಥವಾ ಜೋಮ್ಸೋಮ್ ಅಥವಾ ಕಾಗ್ಬೇನಿಯಲ್ಲಿ. ಮೂರೂ 2,700, 2,800ರ ಹತ್ತಿರದವು. ನನ್ನ ಓಟು ಕಾಗ್ಬೇನಿಗೆ. ಅಮ್ಮನಿಗೆ ಬೇಕಾದ ಗಂಡಕಿ ಅಲ್ಲಿಯೇ ಊರ ಬುಡದಲ್ಲಿ ಹರಿಯುತ್ತದೆ, ಅಗಲವಾದ ಬೂದು ಬಣ್ಣದ ಕಲ್ಲುಹಾಸು, ಮಧ್ಯದಲ್ಲಿ ಸೀಳಿಕೊಂಡು ನೀರು. ಹಿರಿಯರಿಗೆ ಪಿಂಡ ಹಾಕುವವರೂ ಅಲ್ಲಿಗೇ ಬರುತ್ತಾರೆ. ಅಲ್ಲಿ ಆರಾಮಾಗಿ ಕೂತು ನದಿ ನೋಡಲಿ. ಸಾಲಿಗ್ರಾಮದೊಳಗಿನ ಚಕ್ರ ಹಿಂದೆ ಸಮುದ್ರವಿದ್ದ ಕಾಲದ ಅಮ್ಮೊನೈಟ್ ಅನ್ನುವ ಜೀವಿಯ ಚಿಪ್ಪಿನ ಗುರುತು. ಹಿಮಾಲಯ ಏಳುವ ಮುಂಚೆ ಅಲ್ಲಿ ಸಮುದ್ರ ಇತ್ತು. ನನಗೆ ಇದು ಗೊತ್ತಾದ ಮೇಲೆ ನಮ್ಮ ಮನೆಯ ಸಾಲಿಗ್ರಾಮದ ಮೇಲೆ ಭಕ್ತಿ ಜಾಸ್ತಿಯೇ ಆಯಿತು, ಕಡಿಮೆ ಆಗಲಿಲ್ಲ.

ದ್ವಾದಶಿ ಬೆಳಿಗ್ಗೆ ಕಾಗ್ಬೇನಿಯಿಂದ ಜೀಪಿನಲ್ಲಿ ಮುಕ್ತಿನಾಥಕ್ಕೆ ಹೋಗಿ, ದರ್ಶನ ಮುಗಿಸಿ, ಅವತ್ತೇ ಇಳಿದು ಬರಲಿ. ಜೀಪ್ ನಿಲ್ಲುವಲ್ಲಿಂದ ದೇವಸ್ಥಾನದವರೆಗೆ ಏರು ಇದೆ, ಮೆಟ್ಟಿಲೂ ಇವೆ. ನಿಧಾನ ಹತ್ತಲಿ, ಕುದುರೆಯೂ ಸಿಗುತ್ತದೆ. ಆ ಗಾಳಿಯಲ್ಲಿ ನಮ್ಮಂಥವರಿಗೇ ನಾಲ್ಕು ಮೆಟ್ಟಿಲಿಗೊಮ್ಮೆ ನಿಲ್ಲಬೇಕಾಗುತ್ತದೆ. ದೇವಸ್ಥಾನದ ಹಿಂದೆ ಅರ್ಧ ಚಂದ್ರದ ಹಾಗೆ 108 ಗೋಮುಖಗಳಿವೆ, ಎಲ್ಲದರಿಂದಲೂ ನೀರು ಬೀಳುತ್ತಿರುತ್ತದೆ. ಭಕ್ತರು ಒಂದರಿಂದ ಇನ್ನೊಂದಕ್ಕೆ ಓಡುತ್ತಾ ತಲೆ ಒಡ್ಡುತ್ತಾರೆ. ಹಿಮ ಕರಗಿದ ನೀರು ಅದು. ಅಮ್ಮನಿಗೆ ಬಿಪಿ ಇರುವುದರಿಂದ ಕೈಯಲ್ಲಿ ಹಿಡಿದು ತಲೆಗೆ ಚಿಮುಕಿಸಿಕೊಂಡರೆ ಸಾಕು ಅಂತ ಅಕ್ಕನಿಗೆ ಈಗಲೇ ಹೇಳಿಡಿ. ಅಲ್ಲಿಗೆ ಹೋದ ಮೇಲೆ ಅಮ್ಮ ಯಾರ ಮಾತೂ ಕೇಳುವುದಿಲ್ಲ. ಪಕ್ಕದಲ್ಲೇ ಜ್ವಾಲಾಮಾಯಿ ಗುಡಿ ಇದೆ, ನೆಲದಿಂದ ಬರುವ ಅನಿಲಕ್ಕೆ ಪುಟ್ಟ ನೀಲಿ ಜ್ವಾಲೆ ಉರಿಯುತ್ತಿರುತ್ತದೆ. ಬೌದ್ಧ ಸನ್ಯಾಸಿನಿಯರು ನೋಡಿಕೊಳ್ಳುತ್ತಾರೆ. ಅದನ್ನೂ ತೋರಿಸಿ.

ಪೋಖರಾದಿಂದ ಜೋಮ್ಸೋಮ್‌ಗೆ ವಿಮಾನವೂ ಇದೆ, ಬೆಳಗಿನ ಹೊತ್ತು ಮಾತ್ರ. ಮಧ್ಯಾಹ್ನ ಆ ಕಣಿವೆಯಲ್ಲಿ ಗಾಳಿ ಎದ್ದರೆ ಹಾರುವುದಿಲ್ಲ. ಮೋಡ ಇದ್ದರೆ ಬೆಳಿಗ್ಗೆಯೂ ಇಲ್ಲ. ವಾಪಸ್ ಬೆಂಗಳೂರು ಟಿಕೆಟ್ ಅದಕ್ಕೆ ಅಂಟಿಕೊಂಡ ಹಾಗೆ ಬುಕ್ ಮಾಡಬೇಡಿ.

ಡೈಮಾಕ್ಸ್ ಅಮ್ಮನಿಗೆ ನೀವಾಗಿ ಕೊಡಬೇಡಿ. ಅದು ಮೂತ್ರ ಜಾಸ್ತಿ ಮಾಡಿಸುವ ಔಷಧಿ. ಬಿಪಿಗೆ ಕೊಡುವ ಕೆಲವು ಮಾತ್ರೆಗಳಲ್ಲೂ ಅದೇ ಥರದ ಔಷಧಿ ಇರುತ್ತದೆ. ಎರಡೂ ಸೇರಿದರೆ ಉಪ್ಪಿನಂಶ ಏರುಪೇರಾಗಬಹುದು. ಅಮ್ಮ ತಗೊಳ್ಳುವ ಮಾತ್ರೆಯ ಹಾಳೆಯನ್ನೇ ಹಿಡಿದುಕೊಂಡು ಅವರ ಡಾಕ್ಟರ ಹತ್ತಿರ ಹೋಗಿ, 3,800 ಮೀಟರ್ ಅಂತ ಸಂಖ್ಯೆ ಹೇಳಿ ಕೇಳಿ. 'ಯಾತ್ರೆಗೆ ಹೋಗ್ತಿದ್ದೇವೆ' ಅಂತಷ್ಟೇ ಹೇಳಿದರೆ ಅವರು ತಿರುಪತಿ ಅಂದುಕೊಳ್ಳುತ್ತಾರೆ. ಮಾತ್ರೆಗಳು ಕೈಚೀಲದಲ್ಲೇ ಇರಲಿ, ನಾಲ್ಕು ದಿನಕ್ಕೆ ಆಗುವಷ್ಟು ಹೆಚ್ಚಿಗೆ ಇಟ್ಟುಕೊಳ್ಳಿ.

ನಿಮ್ಮ ಪೋರ್ಟರ್ ಬಗ್ಗೆ ಹೇಳುವುದು ಮರೆತಿದ್ದೆ. ಇಬ್ಬರ ಸಾಮಾನೂ ಸೇರಿ 20 ಕೆಜಿ ದಾಟದಿರಲಿ. ಹೊರಡುವ ದಿನ ಅವನ ಕಾಲು ನೋಡಿ. ನಮ್ಮವನು ಚಪ್ಪಲಿಯಂಥ ಕ್ಯಾನ್ವಾಸ್ ಬೂಟಿನಲ್ಲಿ ಬಂದಿದ್ದ, ಕೈಗವಸು ಇರಲಿಲ್ಲ. ಬೇಸಿಸಹರ್‌ನಲ್ಲೇ ಅಂಗಡಿ ಹುಡುಕಿ ಕೊಡಿಸಿದೆವು. ಪಾಸ್ ಮೇಲೆ ಹಿಮ ಇದ್ದರೆ ಅವನೂ ಅದೇ ಹಿಮದಲ್ಲಿ ನಡೆಯಬೇಕಲ್ಲ. ಅವನಿಗೆ ಬಟ್ಟೆ, ವಿಮೆ ಎಲ್ಲಾ ಕೊಡುತ್ತೀರಾ ಅಂತ ಏಜೆಂಟನ್ನು ಈಗಲೇ ಕೇಳಿ.

---

ಧಾರವಾಡ_ಪೇಢೆ:

ಕಾಗದಪತ್ರದ ಮಾತು ಯಾರೂ ತೆಗೀಲಿಲ್ಲ. ವಿಮಾನದಲ್ಲಿ ನೇಪಾಳಕ್ಕೆ ಹೋಗಲು ನಮಗೆ ವೀಸಾ ಬೇಡ, ಆದರೆ ಪಾಸ್‌ಪೋರ್ಟ್ ಅಥವಾ ವೋಟರ್ ಕಾರ್ಡ್ ಬೇಕೇ ಬೇಕು. ನಿಮ್ಮ ತಾಯಿಯವರ ಹತ್ತಿರ ಬರೀ ಆಧಾರ್ ಇದ್ದರೆ ಏರ್‌ಪೋರ್ಟಿನಲ್ಲೇ ನಿಲ್ಲಿಸುತ್ತಾರೆ. 65 ದಾಟಿದವರಿಗೆ ಬೇರೆ ಗುರುತಿನ ಚೀಟಿ ನಡೆಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಿಕೊಂಡು ಹೋಗಬೇಡಿ, ನಿಮ್ಮ ತಾಯಿಗೆ ಇನ್ನೂ 64.

---

ಗಾಂಧಿಬಜಾರ್_ಹುಡುಗ:

ಅಯ್ಯೋ, ಅಮ್ಮನಿಗೆ ಪಾಸ್‌ಪೋರ್ಟ್ ಇಲ್ಲ. ವೋಟರ್ ಕಾರ್ಡ್ ಇದೆ, ಆದರೆ ಅದರಲ್ಲಿ ಹೆಸರು ಒಂದು ಥರ, ಟಿಕೆಟ್‌ನಲ್ಲಿ ಆಧಾರ್ ನೋಡಿ ಇನ್ನೊಂದು ಥರ ಹಾಕಿಸಿದ್ದೇವೆ. ಟಿಕೆಟ್ ಹೆಸರು ತಿದ್ದಿಸಲು ಈಗಲೇ ಭಾವನಿಗೆ ಫೋನ್ ಮಾಡುತ್ತೇನೆ.